ಗಾಲ್ಫ್‌ನ ತಂಡ ಸ್ಪರ್ಧೆಗಳು: ನಿಯಮ ಮತ್ತು ಎಲ್ಲೆಗಳ ಚರಿತ್ರೆ

ಆಟವೊಂದರ ಚರಿತ್ರೆಯನ್ನು ಗೆದ್ದವರ ಪಟ್ಟಿಯಾಗಿ ಬರೆಯುವುದು ರೂಢಿ. ಆದರೆ ಯಾರು ಯಾರ ಪಕ್ಷ, ಸೋಲಿನ ಹೊರೆ ಯಾರ ಪಾಲಿಗೆ ಎಂಬುದನ್ನು ನಿಯಮವೇ ನಿರ್ಧರಿಸುತ್ತದೆಂಬುದು ಜನಪದ ಆಟಗಳನ್ನು ಅಭ್ಯಸಿಸಿದವರಿಗೆ ತಿಳಿದ ಸಂಗತಿ. ಈ ದೃಷ್ಟಿಯಿಂದ ಗಾಲ್ಫ್‌ನ ಅಂತರರಾಷ್ಟ್ರೀಯ ತಂಡ ಸ್ಪರ್ಧೆಗಳನ್ನು, ಮುಖ್ಯವಾಗಿ ರೈಡರ್ ಕಪ್ಪನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಾಲ್ಫ್‌ನಲ್ಲಿ ಎಣಿಕೆಯ ಕ್ರಮಗಳು ಮುಖ್ಯವಾಗಿ ಎರಡು. ಸ್ಟ್ರೋಕ್‌ಪ್ಲೇಯಲ್ಲಿ ಒಟ್ಟು ಹೊಡೆತಗಳೇ ಲೆಕ್ಕ. ಮ್ಯಾಚ್‌ಪ್ಲೇಯಲ್ಲಾದರೋ ಪ್ರತಿಯೊಂದು ಹೋಲ್ ಬೇರೆಯೇ ಆದ ಪಂದ್ಯ. ಒಂದರಲ್ಲಿ ಎಷ್ಟೇ ಎಡವಿದರೂ ಕಳೆದುಕೊಳ್ಳುವುದು ಆ ಒಂದನ್ನೇ. ಏಕಾಂಗಿ ಆಟವನ್ನು ತಂಡದ ಆಟವಾಗಿಸಲು ಈ ಕ್ರಮ ಅನುಕೂಲವಾಯಿತು. ಇದೇ ಕ್ರಮದಲ್ಲಿ 1922ರಲ್ಲಿ ಹವ್ಯಾಸಿಗಳ ವಾಕರ್ ಕಪ್ ಆರಂಭವಾಯಿತು. ಇಂಗ್ಲೆಂಡಿನ ಬೀಜದ ವ್ಯಾಪಾರಿ ಸ್ಯಾಮ್ಯುಯೆಲ್ ರೈಡರ್ ನೀಡಿದ ಕಪ್ಪಿಗಾಗಿ ಬ್ರಿಟನ್ ಮತ್ತು ಅಮೆರಿಕದ ವೃತ್ತಿಪರರು 1927ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್‌ನಲ್ಲಿ ಸೆಣಸಿದರು. ಅಂದು 4 ಫೋರ್‌ಸಮ್ ಮತ್ತು 8 ಸಿಂಗಲ್ಸ್ ಪಂದ್ಯಗಳಿದ್ದವು. ಫೋರ್‌ಸಮ್‌ನಲ್ಲಿ ಜೊತೆಗಾರರಿಬ್ಬರು ಒಂದೇ ಚೆಂಡನ್ನು ಸರದಿಯಂತೆ ಹೊಡೆಯುತ್ತಾರೆ. ಒಬ್ಬನ ತಪ್ಪನ್ನು ಇನ್ನೊಬ್ಬನು ತಿದ್ದಬೇಕು. 1963ರಲ್ಲಿ ಸೇರಿದ ಫೋರ್‌ಬಾಲ್‌ನಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಚೆಂಡಿದ್ದು, ಜೋಡಿಯ ಉತ್ತಮ ಫಲವನ್ನು ಮಾತ್ರ ಪರಿಗಣಿಸಲಾಗುತ್ತದೆ. ಮೊದಲನೆಯದು ಹೊಣೆಯನ್ನು ಹಂಚುತ್ತದೆ, ಎರಡನೆಯದು ತಪ್ಪನ್ನು ಮರೆಸುತ್ತದೆ.

ಎದುರಾಳಿಗೆ ಹೊಡೆತವನ್ನು ಬಿಟ್ಟುಕೊಡುವ ಅವಕಾಶವೂ ಮ್ಯಾಚ್‌ಪ್ಲೇಗೇ ವಿಶಿಷ್ಟವಾದುದು. 1969ರಲ್ಲಿ ರಾಯಲ್ ಬರ್ಕ್‌ಡೇಲ್‌ನ ಕೊನೆಯ ಹೋಲ್‌ನಲ್ಲಿ ಜ್ಯಾಕ್ ನಿಕ್ಲಾಸ್ ಅವರು ಟೋನಿ ಜ್ಯಾಕ್ಲಿನ್ ಅವರ ಪಟ್ಟನ್ನು ಬಿಟ್ಟುಕೊಟ್ಟರು. ಸ್ಪರ್ಧೆ 16-16ರಲ್ಲಿ ಸಮವಾಯಿತು. ಈ ಔದಾರ್ಯ ವ್ಯಕ್ತಿಯದು ನಿಜ, ಆದರೆ ಅದಕ್ಕೆ ಎಡೆಮಾಡಿಕೊಟ್ಟದ್ದು ನಿಯಮ.

ನಿಯಮಗಳಿಷ್ಟೇ ಸ್ಪರ್ಧೆಯನ್ನು ಉಳಿಸಲಾರದಾದವು. 1977ರವರೆಗಿನ 22 ಸ್ಪರ್ಧೆಗಳಲ್ಲಿ ಅಮೆರಿಕ 18ನ್ನು ಗೆದ್ದಿತ್ತು. ಫಲಿತಾಂಶ ಮೊದಲೇ ತಿಳಿದಿರುವ ಆಟದಲ್ಲಿ ಆಸಕ್ತಿ ಉಳಿಯುವುದು ಕಷ್ಟ. ನಿಕ್ಲಾಸ್ ಅವರೂ ಬೆಂಬಲಿಸಿದ ಸಲಹೆಯಂತೆ 1979ರಲ್ಲಿ ಎದುರು ಪಕ್ಷದ ಎಲ್ಲೆ ಯೂರೋಪ್ ಖಂಡಕ್ಕೆ ವಿಸ್ತರಿಸಿತು. ಸ್ಪೇನಿನ ಸೆವೆ ಬಾಲೆಸ್ಟೆರೋಸ್ ಮತ್ತು ಆಂಟೋನಿಯೋ ಗರಿಡೊ ತಂಡ ಸೇರಿದರು. 1985ರಲ್ಲಿ ಯೂರೋಪ್ ಗೆದ್ದಿತು. 1987ರಲ್ಲಿ ಮೊದಲ ಬಾರಿಗೆ ಅಮೆರಿಕದ ನೆಲದಲ್ಲಿಯೂ ಜಯ ಸಾಧಿಸಿತು. ಮಹಿಳೆಯರ ಸೋಲ್‌ಹೈಮ್ ಕಪ್ 1990ರಲ್ಲಿ ಇದೇ ಮಾದರಿಯಲ್ಲಿ ಆರಂಭವಾಯಿತು.

ಹಾಗೆಂದು ಎಲ್ಲೆಯ ವಿಸ್ತಾರವೊಂದೇ ಸಮಬಲವನ್ನು ತರುತ್ತದೆಂದು ಹೇಳಲಾಗದು. 1994ರಲ್ಲಿ ಆರಂಭವಾದ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಯೂರೋಪಿನ ಹೊರಗಿನ ದೇಶಗಳವರು ಒಂದಾಗಿ ಅಮೆರಿಕವನ್ನು ಎದುರಿಸುತ್ತಾರೆ. 2024ರವರೆಗಿನ 15 ಸ್ಪರ್ಧೆಗಳಲ್ಲಿ ಅವರು ಗೆದ್ದುದು 1998ರಲ್ಲಿ ಮಾತ್ರ, 2003ರಲ್ಲಿ ಸಮವಾಯಿತು. 2015ರಲ್ಲಿ ಈ ತಂಡದಲ್ಲಿದ್ದ ಮೊದಲ ಭಾರತೀಯ ಅನಿರ್ಬನ್ ಲಾಹಿರಿ ತಮ್ಮ ಸಿಂಗಲ್ಸ್ ಪಂದ್ಯದ ಕೊನೆಯ ಹೋಲ್‌ನಲ್ಲಿ ಕಿರು ಪಟ್ಟೊಂದನ್ನು ತಪ್ಪಿಸಿಕೊಂಡರು. ತಂಡ ಒಂದೇ ಅಂಕದಿಂದ ಸೋತಿತು. ಸೋಲು ಇಡೀ ತಂಡದ್ದಾದರೂ ನೆನಪಿನಲ್ಲಿ ಉಳಿಯುವುದು ಒಬ್ಬನ ಹೊಡೆತ.

ಒಟ್ಟಿನಲ್ಲಿ, ತಂಡವೆಂಬುದು ಸಹಜವಾಗಿ ದೊರೆತದ್ದಲ್ಲ. ಎಣಿಕೆಯ ಕ್ರಮ ಮತ್ತು ಪಕ್ಷದ ಎಲ್ಲೆಗಳು ಕೂಡಿ ಕಟ್ಟಿದ್ದು. ಆಟಗಳ ಅಧ್ಯಯನವು ಫಲಿತಾಂಶಗಳಷ್ಟೇ ನಿಯಮಗಳ ಬದಲಾವಣೆಯನ್ನೂ ದಾಖಲಿಸಬೇಕಾದುದು ಈ ಕಾರಣದಿಂದಲೇ.