ಸವೆದ ಬಟ್ಟಲು

ತೊಡೆಯೆಲುಬಿನ ಗುಂಡುತಲೆ ಸೊಂಟದ ಬಟ್ಟಲಿನಲ್ಲಿ ಸರಾಗವಾಗಿ ಹೊರಳಿದರೆ ಮಾತ್ರ ಮನುಷ್ಯನಿಗೆ ನಡಿಗೆ. ಆ ಬಟ್ಟಲು ಸವೆದವರಿಗೆ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಗೆ ಟೆಫ್ಲಾನಿನ ಬಟ್ಟಲನ್ನು ಕೂಡಿಸಿದನು. ಅತಿ ನುಣುಪಾದ ವಸ್ತು; ರೋಗಿಗಳು ನೋವು ಮರೆತು ನಡೆದರು. ಕೆಲವೇ ವರ್ಷಗಳಲ್ಲಿ ಅದೂ ಸವೆಯಿತು. ಉದುರಿದ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು. ಚಾರ್ನ್ಲಿ ಟೆಫ್ಲಾನನ್ನು ತನ್ನ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದನು. ತಾನು ಕೂಡಿಸಿದ್ದನ್ನು ತಾನೇ ತೆಗೆಯಬೇಕಾಯಿತು.

1962ರಲ್ಲಿ ಪಾಲಿಥೀನಿನ ಒಂದು ಗಟ್ಟಿ ಬಗೆ ಬಂದಿತು. ಚಾರ್ನ್ಲಿ ಅದನ್ನು ಕಡೆಗಣಿಸಿದನು; ಅವನ ಯಂತ್ರಕರ್ಮಿ ಹ್ಯಾರಿ ಕ್ರೇವನ್ ಸವೆತದ ಯಂತ್ರಕ್ಕೆ ಹಾಕಿ ನೋಡಿದನು. ಟೆಫ್ಲಾನು ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರಗಳಲ್ಲಿಯೂ ಸವೆಯಲಿಲ್ಲ. ಅದೇ ನವೆಂಬರಿನಲ್ಲಿ ಅದು ರೋಗಿಯ ಮೈ ಸೇರಿತು.

ಶಸ್ತ್ರಕ್ರಿಯೆಯ ದಾರಿಯನ್ನೂ ಕಾಲವೇ ತಿದ್ದಿತು. ಚಾರ್ನ್ಲಿ ತೊಡೆಯೆಲುಬಿನ ಹೊರಗುಬ್ಬನ್ನು ಕತ್ತರಿಸಿ ಒಳಹೊಕ್ಕು, ಬಳಿಕ ತಂತಿಯಿಂದ ಬಿಗಿಯುತ್ತಿದ್ದನು. ಇಂದು ಬಹುಪಾಲು ವೈದ್ಯರು ಎಲುಬನ್ನು ಹಾಗೆ ಕತ್ತರಿಸದೆಯೇ ಹಿಂದಿನಿಂದಲೋ ಪಕ್ಕದಿಂದಲೋ ಮುಂದಿನಿಂದಲೋ ಕೀಲನ್ನು ತಲಪುತ್ತಾರೆ.

ಪಾಠವನ್ನು ಮರೆತದ್ದೂ ಉಂಟು. ಲೋಹದ ಮೇಲೆ ಲೋಹ ಹೊರಳುವ ಒಂದು ಹೊಸ ಕೀಲನ್ನು 2010ರಲ್ಲಿ ಮಾರುಕಟ್ಟೆಯಿಂದಲೇ ಹಿಂದಕ್ಕೆ ಪಡೆಯಬೇಕಾಯಿತು. ಕೀಲನ್ನು ಆರಿಸುವವರು ಮೊದಲು ಕೇಳತಕ್ಕದ್ದು, ಅದು ಎಷ್ಟು ಜನರ ಮೈಯಲ್ಲಿ ಎಷ್ಟು ವರ್ಷ ಬಾಳಿದೆ ಎಂಬುದನ್ನು.