ಯಾಕ್ ಉಣ್ಣೆ: ಡೇರೆ ಹಳೆಯದು, ಶಾಲು ಹೊಸದು

ಯಾಕ್ ಉಣ್ಣೆಯ ಶಾಲುಗಳೂ ಸೋಫಾದ ಮೇಲೆ ಹಾಸುವ ಹೊದಿಕೆಗಳೂ ಹಿಮಾಲಯದ ಪುರಾತನ ಪರಂಪರೆ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಈ ಮಾತು ಅರ್ಧ ಮಾತ್ರ ನಿಜ. ಯಾಕ್ ಕೂದಲಿನ ನೇಯ್ಗೆ ಬಹಳ ಹಳೆಯದು. ಆದರೆ ನಯವಾದ ಯಾಕ್ ಶಾಲು ದೂರದ ಪೇಟೆಗಳ ಸರಕಾದದ್ದು ಹೆಚ್ಚುಕಡಿಮೆ ಈ ಶತಮಾನದಲ್ಲಿ.

ಬಯಲುಸೀಮೆಯವರಿಗೆ ಈ ಪ್ರಾಣಿಯ ಪರಿಚಯವಾದದ್ದು ಬಾಲದಿಂದ. ಚಮರೀಮೃಗವೆಂದರೆ ಯಾಕ್; ಅದರ ಬಾಲದ ಕೂದಲೇ ಚಾಮರ. ಹೊಯ್ಸಳ ಗುಡಿಗಳಲ್ಲಿ ಚಾಮರಧಾರಿಣಿಯರನ್ನು ಕಡೆದ ಶಿಲ್ಪಿಗಳಲ್ಲಿ ಒಬ್ಬನಾದರೂ ಯಾಕ್ ಕಂಡಿದ್ದನೋ ಇಲ್ಲವೋ! ಮೈಯುಣ್ಣೆಯನ್ನು ಮೆಚ್ಚಿ ಬರೆದವನು 13ನೇ ಶತಮಾನದ ಮಾರ್ಕೊ ಪೋಲೊ. ಅದು ರೇಷ್ಮೆಗಿಂತ ನಯವೆಂದು ಹೊಗಳಿದ. ಆ ಮೆಚ್ಚುಗೆ ವ್ಯಾಪಾರವಾಗಿ ಬೆಳೆಯಲಿಲ್ಲ. 1774ರಲ್ಲಿ ಜಾರ್ಜ್ ಬೋಗಲ್‌ನನ್ನು ದೂತನಾಗಿ ಟಿಬೆಟ್‌ಗೆ ಕಳಿಸುವಾಗ ಈಸ್ಟ್ ಇಂಡಿಯಾ ಕಂಪನಿಯ ವಾರೆನ್ ಹೇಸ್ಟಿಂಗ್ಸ್ ಕೆಲವು ಪ್ರಾಣಿಗಳನ್ನು ತರಿಸಲು ಹೇಳಿದ್ದ. ಶಾಲಿನ ಉಣ್ಣೆಗಾಗಿ ಆಡು, ಬಾಲಕ್ಕೆ ಹೆಸರಾದ ದನವೆಂದು ಯಾಕ್! ಎರಡರ ಲೆಕ್ಕವೂ ಆಗಲೇ ಬೇರೆಬೇರೆ.

ಯಾಕ್‌ಗೆ ಎರಡು ಪದರದ ಮೈಗೂದಲು. ಹೊರಗೆ ಹೊಟ್ಟೆಯ ಕೆಳಗೂ ಇಳಿಬೀಳುವ ಒರಟು ಕೂದಲು. ಒಳಗೆ ಚಳಿಗಾಲಕ್ಕೆಂದು ಬೆಳೆಯುವ ತುಪ್ಪಳ. ಲಡಾಖಿನಲ್ಲಿ ಈ ತುಪ್ಪಳಕ್ಕೆ ಖುಲು ಎನ್ನುತ್ತಾರೆ. ಅದರ ಎಳೆ ಸುಮಾರು 16ರಿಂದ 20 ಮೈಕ್ರಾನ್ ದಪ್ಪ. ಹೊರಗೂದಲು 50 ಮೈಕ್ರಾನ್ ದಾಟುವುದುಂಟು. ನೇಯ್ಗೆಯ ಹಳೆಯ ಚರಿತ್ರೆಯಲ್ಲಿ ಮೇಲುಗೈ ಈ ಒರಟು ಕೂದಲಿನದೇ. ಲಡಾಖಿನ ರುಪ್ಶು ಸೀಮೆಯ ಅಲೆಮಾರಿ ಕುರಿಗಾಹಿಗಳಲ್ಲಿ ಹೆಂಗಸರು ಸೊಂಟಕ್ಕೆ ಬಿಗಿದ ಮಗ್ಗದಲ್ಲಿ ಕುರಿಯುಣ್ಣೆ ನೇಯುತ್ತಿದ್ದರೆ, ಯಾಕ್ ಮತ್ತು ಆಡಿನ ಕೂದಲು ಗಂಡಸರ ಮಗ್ಗದ ಪಾಲು. ಅವರು ನೇಯ್ದ ಕಪ್ಪು ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ರೆಬೊ ಎಂಬ ಡೇರೆ. ಒಣಹವೆಯಲ್ಲಿ ನೂಲಿನ ಸಂದುಗಳಿಂದ ಒಲೆಯ ಹೊಗೆ ಹೊರಗೆ ಹೋಗುತ್ತದೆ; ಮಳೆ ಬಿದ್ದರೆ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಕುರುಬರ ಕಂಬಳಿಯನ್ನು ಹೊದ್ದು ಮಳೆಯಲ್ಲಿ ನಡೆದವರಿಗೆ ಈ ಗುಣ ಹೊಸದೆನಿಸದು. ಅರುಣಾಚಲದ ಮೋನ್ಪಾ ಜನರದು ಇನ್ನೂ ಚೆಂದದ ಉಪಾಯ: ಯಾಕ್ ಕೂದಲನ್ನು ಒತ್ತಿ ಮಾಡಿದ ಟೋಪಿಯ ಅಂಚಿನಿಂದ ಬಾಲಗಳಂಥ ಎಳೆಗಳು ಜೋತುಬಿದ್ದು, ಮಳೆನೀರನ್ನು ಮುಖಕ್ಕೆ ತಾಗದಂತೆ ಇಳಿಸುತ್ತವೆ.

ಹಾಗಾದರೆ ಖುಲು ಶಾಲಾಗಿ ಹೆಸರು ಮಾಡಲಿಲ್ಲವೇಕೆ? ಒಂದು ಕಾರಣ ರಾಜಕೀಯದ್ದು. ಲಡಾಖ್ ಮತ್ತು ಟಿಬೆಟ್ ನಡುವಿನ 1684ರ ತಿಂಗ್‌ಮೋಸ್‌ಗಾಂಗ್ ಒಪ್ಪಂದದ ನಂತರ ಪಶ್ಚಿಮ ಟಿಬೆಟ್ಟಿನ ಆಡಿನ ತುಪ್ಪಳವಾದ ಪಶ್ಮ್ ಲಡಾಖಿನ ಮೂಲಕ ಕಾಶ್ಮೀರದ ನೇಕಾರರಿಗೇ ಸಲ್ಲಬೇಕೆಂದಾಯಿತು. ಶಾಲಿನ ಪೇಟೆಯೆಲ್ಲ ಆ ಒಂದೇ ದಾರಿಗೆ ಹೊಂದಿಕೊಂಡಿತು. ಇನ್ನೊಂದು ಕಾರಣ ಬಣ್ಣ, ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. ಕಾಶ್ಮೀರಿ ಶಾಲಿನ ಬೆಲೆಯಿದ್ದದ್ದು ಅದರ ಬಣ್ಣದ ಚಿತ್ತಾರದಲ್ಲಿ. ಯಾಕ್ ತುಪ್ಪಳ ಬಹುಪಾಲು ಕಂದು, ಕಪ್ಪು. ಅದರ ಮೇಲೆ ತಿಳಿಬಣ್ಣ ಏರುವುದಿಲ್ಲ, ಬಣ್ಣ ತೆಗೆಯಲು ಹೋದರೆ ಎಳೆಯೇ ಸೊರಗುತ್ತದೆ.

ಆ ಕಂದುಬಣ್ಣವನ್ನೇ ನಗರದ ಕೊಳ್ಳುಗರು ಮೆಚ್ಚತೊಡಗಿದ ಮೇಲೆ ಲೆಕ್ಕ ತಿರುಗಿತು. ಟಿಬೆಟ್ ಪ್ರಸ್ಥಭೂಮಿಯ ಅಂಚಿನಲ್ಲಿ, ಚೀನಾದ ಗಾನ್ಸು ಪ್ರಾಂತದ ರಿತೋಮಾ ಹಳ್ಳಿಯಲ್ಲಿ 2007ರಲ್ಲಿ ಶುರುವಾದ ನೊರ್ಲಾ ಕಾರ್ಯಾಗಾರ ಅಲೆಮಾರಿ ಕುಟುಂಬದವರಿಗೆ ನೂಲುವುದು, ನೇಯುವುದನ್ನು ಕಲಿಸಿ, ಖುಲುವಿನ ಶಾಲುಗಳನ್ನು ಪ್ಯಾರಿಸ್‌ವರೆಗೂ ಮುಟ್ಟಿಸಿತು. ಇಲ್ಲಿ ನಿಜವಾದ ಕಷ್ಟ ಮಗ್ಗಕ್ಕಿಂತ ಮೊದಲೇ ಇದೆ. ಚಳಿ ಇಳಿದು ಕೂದಲು ಉದುರುವ ಹೊತ್ತಿಗೆ ಬಾಚಿ ತೆಗೆದ ತುಪ್ಪಳದಲ್ಲಿ ಒರಟು ಕೂದಲೂ ಬೆರೆತಿರುತ್ತದೆ. ಅದನ್ನು ಬೇರ್ಪಡಿಸದೆ ನೂತರೆ ಶಾಲು ಕತ್ತಿಗೆ ಚುಚ್ಚುತ್ತದೆ. ಕರುಗಳ ತುಪ್ಪಳ ಎಲ್ಲಕ್ಕಿಂತ ನಯ, ಸಿಗುವುದು ಮಾತ್ರ ಸ್ವಲ್ಪ.

ಕಠ್ಮಂಡುವಿನ ಥಮೇಲ್ ಬೀದಿಯಲ್ಲಿ ಯಾಕ್ ಉಣ್ಣೆಯೆಂದು ಅಗ್ಗಕ್ಕೆ ಸಿಗುವ ಹೊದಿಕೆಗಳು ಬಹುಮಟ್ಟಿಗೆ ಅಕ್ರಿಲಿಕ್. ಅಸಲಿ ಸರಕು ಭಾರತದಲ್ಲಂತೂ ಹೆಚ್ಚುವ ಸೂಚನೆಯಿಲ್ಲ: ಅರುಣಾಚಲದ ದಿರಾಂಗ್‌ನಲ್ಲಿ ಯಾಕ್‌ಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದ್ದರೂ, 2012ರ ಜಾನುವಾರು ಗಣತಿಯಲ್ಲಿ ಸುಮಾರು 77 ಸಾವಿರವಿದ್ದ ಯಾಕ್‌ಗಳು 2019ಕ್ಕೆ 58 ಸಾವಿರಕ್ಕೆ ಇಳಿದಿದ್ದವು.