ತಡ ಮಾಡಿದ್ದು ಯಾರು?



ಮೊನ್ನೆ ಶೆಟ್ಟಿಕೊಪ್ಪದಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದಾಗ ನಮ್ಮ ಹುಡುಗನೊಬ್ಬ ಕೇಳಿದ: "ಅಣ್ಣಾ, ನಮ್ಮಜ್ಜನ ಜಮೀನು ಹೋಗಿ ಐವತ್ತು ವರ್ಷ ಆಯ್ತು. ಈಗ ಹೋಗಿ ಕೇಳಿದ್ರೆ ಜನ ನಗಲ್ವಾ?" ಬಸ್ಸು ಬಂತು, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಜ್ಜನದ್ದೂ ಅದೇ ಕತೆ. ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. ಪರಭಾರೆ ಮಾಡಕೂಡದು ಅಂತ ಸಾಗುವಳಿ ಚೀಟಿಯಲ್ಲೇ ಷರತ್ತಿತ್ತು. ಅಜ್ಜನಿಗೆ ಓದಕ್ಕೆ ಬರ್ತಿರಲಿಲ್ಲ, ಓದಿ ಹೇಳಿದವರೂ ಯಾರಿಲ್ಲ. ಅತ್ತೆಯ ಮದುವೆ ಸಾಲ, ಒಂದು ಮಳೆಗಾಲದ ಅಕ್ಕಿ, ಇಷ್ಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಅದೇ ಜಮೀನಿನಲ್ಲಿ ಅಡಿಕೆ ಸಸಿಗೆ ಗುಂಡಿ ತೋಡೋ ಕೂಲಿಗೆ ಅಜ್ಜನೇ ಹೋದರು.

ಇಂಥ ಮನೆಗಳಿಗಾಗಿಯೇ ದೇವರಾಜ ಅರಸು ಸರ್ಕಾರ 1978ರಲ್ಲಿ ಒಂದು ಕಾಯ್ದೆ ಮಾಡಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. ನಾವೆಲ್ಲ ಪಿಟಿಸಿಎಲ್ ಅಂತೀವಲ್ಲ, ಅದೇ. 1979ರ ಜನವರಿ 1ರಿಂದ ಜಾರಿಗೆ ಬಂತು. ಅದರ 4ನೇ ಕಲಂ ಪ್ರಕಾರ, ಮಂಜೂರಾತಿ ಷರತ್ತು ಮುರಿದು ಆದ ಮಾರಾಟ, ಕಾಯ್ದೆಗೆ ಮೊದಲೇ ಆಗಿರಲಿ ಆಮೇಲೆ ಆಗಿರಲಿ, ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. 5ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿ ಜಮೀನು ವಾಪಸ್ ಕೊಡಿಸಬೇಕು. ನಾವು ಅರ್ಜಿ ಹಾಕದಿದ್ದರೂ ವಿಷಯ ಗೊತ್ತಾದರೆ ಅವರೇ ಕೇಸು ತಗೋಬಹುದು. ಮಂಜೂರುದಾರ ಅಥವಾ ಅವನ ವಾರಸುದಾರ ಅಲ್ಲದವರ ಕೈಯಲ್ಲಿ ಜಮೀನಿದ್ದರೆ, ಅದು ಅಸಿಂಧು ಮಾರಾಟದಿಂದ ಬಂದದ್ದು ಅಂತಲೇ ಮೊದಲು ಭಾವಿಸಬೇಕು. ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅವರದ್ದು. ನಮ್ಮ ಕಡೆಯ ಸತ್ಯವನ್ನ ಮೊದಲು ನಂಬಿ ಹೊರಟ ಕಾನೂನು ಇದು. ಇಂಥವು ಎಷ್ಟಿವೆ ಹೇಳಿ?

1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನ ಎತ್ತಿಹಿಡಿಯಿತು. ಆದರೆ ಒಂದು ಕಿಂಡಿ ಬಿಟ್ಟಿತು: ಕಾಯ್ದೆ ಬರೋ ಮೊದಲೇ ದೀರ್ಘ ಅನುಭವದಿಂದ ಪೂರ್ಣ ಹಕ್ಕು ಪಡೆದವರಿಗೆ ಇದು ತಾಗದು. ಕಾಲದ ಲೆಕ್ಕ ಒಳಗೆ ಬಂದದ್ದು ಅಲ್ಲಿಂದ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಬರೆಯದಿದ್ದರೂ ಅರ್ಜಿಯನ್ನ "ಸಮಂಜಸ ಕಾಲ"ದೊಳಗೆ ಹಾಕಬೇಕು ಅಂತ ಹೇಳಿತು. ಅಲ್ಲಿಂದ ರಾಜ್ಯದಾದ್ಯಂತ ನಮ್ಮವರ ಅರ್ಜಿಗಳು ಬೀಳೋಕೆ ಶುರುವಾದವು. ನನ್ನದೂ ಬಿತ್ತು. ಮಾರಾಟ ಸರಿಯೋ ತಪ್ಪೋ ಅನ್ನೋದನ್ನ ಯಾರೂ ನೋಡಲಿಲ್ಲ. ಆದೇಶದಲ್ಲಿ ಇದ್ದದ್ದು ಒಂದೇ ಮಾತು: ವಿಳಂಬ.

ಸರಿ, ವಿಳಂಬದ ಲೆಕ್ಕವನ್ನೇ ಹಾಕೋಣ. ಜೀತ ಅಪರಾಧ ಅಂತ ಈ ದೇಶ ಕಾನೂನು ಮಾಡಿದ್ದು 1976ರಲ್ಲಿ. ಅದಕ್ಕೂ ಮೊದಲು ಜಮೀನು ಬಿಟ್ಟವನು, ಒಡೆಯನ ಸಾಲದಲ್ಲಿ, ಒಡೆಯನ ಲೈನ್ ಮನೆಯಲ್ಲಿ ಇದ್ದುಕೊಂಡು, ಅದೇ ಒಡೆಯನ ಮೇಲೆ ಕೇಸು ಹಾಕಬೇಕಿತ್ತಾ? ಕಾಯ್ದೆ ಬಂದಿದೆ ಅಂತ ಸರ್ಕಾರದವರು ನಮ್ಮ ಕೇರಿಗೆ ಬಂದು ಡಂಗುರ ಹೊಡೆದರಾ? ಅರ್ಜಿ ಇಲ್ಲದೆಯೂ ಕೇಸು ಹಿಡಿಯೋ ಅಧಿಕಾರ ಇದ್ದ ಅಧಿಕಾರಿಗಳು ಅಷ್ಟು ವರ್ಷ ಸುಮ್ಮನಿದ್ದರಲ್ಲ, ಅದು ಯಾರ ವಿಳಂಬ? ನಮ್ಮ ಮನೆಯಲ್ಲಿ ಮಂಜೂರಾತಿ ಆದೇಶವನ್ನ ಓದಿದ ಮೊದಲನೆಯವನು ನಾನು. ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು.

ಈ ಕಾಲದ ಪ್ರಶ್ನೆ ನಮ್ಮೊಬ್ಬರದ್ದಲ್ಲ. ಜಮೀನು ಕಿತ್ತುಕೊಂಡ ಇತಿಹಾಸ ಇರೋ ದೇಶಗಳೆಲ್ಲ ಇದನ್ನ ಎದುರಿಸಿವೆ.

ನ್ಯೂಜಿಲೆಂಡ್ ನೋಡಿ. ಮಾವೋರಿ ಮುಖಂಡರು ಮತ್ತು ಬ್ರಿಟಿಷರ ನಡುವೆ ವೈಟಾಂಗಿ ಒಪ್ಪಂದ ಆದದ್ದು 1840ರಲ್ಲಿ. ಅದನ್ನ ಮುರಿದ ದೂರುಗಳನ್ನ ಕೇಳಕ್ಕೆ 1975ರಲ್ಲಿ ಒಂದು ನ್ಯಾಯಮಂಡಳಿ ಮಾಡಿದರು. ಆದರೆ 1975ರ ನಂತರದ ಅನ್ಯಾಯ ಮಾತ್ರ ಕೇಳ್ತೀವಿ ಅಂದರು. ಅಷ್ಟೊತ್ತಿಗೆ ಬಹುಪಾಲು ಭೂಮಿ ಹೋಗಿಯಾಗಿತ್ತು! ಮಾವೋರಿಗಳು ಬಿಡಲಿಲ್ಲ. 1985ರಲ್ಲಿ ಕಾನೂನು ತಿದ್ದಿ 1840ರವರೆಗೆ ಹಿಂದಕ್ಕೆ ಹೋದರು. ನೂರ ನಲವತ್ತೈದು ವರ್ಷ. ಯಾರೂ ನಗಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ 1913ರ ಭೂ ಕಾಯ್ದೆ ಕರಿಯರನ್ನ ದೇಶದ ಸುಮಾರು ಶೇ. 7ರಷ್ಟು ಭೂಮಿಗೆ ಕಟ್ಟಿಹಾಕಿತ್ತು. ಮಂಡೇಲಾ ಬಂದ ವರ್ಷವೇ, 1994ರಲ್ಲಿ, 1913ರ ಜೂನ್ 19ರ ನಂತರ ಕಳಕೊಂಡ ಭೂಮಿಯನ್ನ ಕೇಳಬಹುದು ಅಂತ ಕಾನೂನು ಮಾಡಿದರು. ಆದರೆ ಅರ್ಜಿ ಹಾಕೋಕೆ 1998ರ ಡಿಸೆಂಬರ್ 31 ಕೊನೇ ದಿನ ಅಂತ ಇಟ್ಟರು. ಬಹಳ ಜನ ಹೊರಗುಳಿದರು. 2014ರಲ್ಲಿ ಮತ್ತೆ ಐದು ವರ್ಷ ಬಾಗಿಲು ತೆರೆದರೆ, ಜನರ ಅಭಿಪ್ರಾಯ ಸರಿಯಾಗಿ ಕೇಳಿಲ್ಲ ಅಂತ 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾನೂನನ್ನ ರದ್ದು ಮಾಡಿತು. ಅಂದರೆ ಎಲ್ಲ ಕಡೆ ಸರ್ಕಾರಗಳು ಒಂದು ಕೈಯಲ್ಲಿ ಹಕ್ಕು ಕೊಟ್ಟು ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದಿರ್ತವೆ. ಆ ಗಡಿಯಾರ ಹಿಂದಕ್ಕೆ ತಿರುಗಿದ್ದು ಜನ ಗಟ್ಟಿಯಾಗಿ ಕೇಳಿದ ಕಡೆ ಮಾತ್ರ.

ನಾವೂ ಕೇಳಿದ್ವಿ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತರು. 2023ರ ಜುಲೈನಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಅಡ್ಡಿಯಾಗದು ಅಂತ ಬರೆಯಿತು. ಗೆದ್ವಿ ಅಂದುಕೊಂಡ್ವಿ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ತಿದ್ದುಪಡಿ ಬಂದರೂ ಅತಿಯಾದ ವಿಳಂಬವನ್ನ ಪರಿಗಣಿಸಬಹುದು ಅಂತ ಹೇಳಿತು. ಹೋರಾಟ ಮತ್ತೆ ಅಲ್ಲಿಗೇ ಬಂದು ನಿಂತಿದೆ.

ಒಂದು ಮಾತು ಪ್ರಾಮಾಣಿಕವಾಗಿ ಹೇಳ್ತೀನಿ. ಕೈಯಿಂದ ಕೈಗೆ ದಾಟಿ ಇವತ್ತು ಆ ಜಮೀನಿನಲ್ಲಿರೋರು ಕೆಲವರು ನಮ್ಮ ಹಾಗೇ ಬಡವರು. ಅವರನ್ನ ಬೀದಿಗೆ ಹಾಕೋದು ನನ್ನ ಆಸೆ ಅಲ್ಲ. ಅಂಥವರಿಗೆ ಸರ್ಕಾರ ಪರಿಹಾರ ಕೊಡಲಿ. ಆದರೆ ಅವರ ಕಷ್ಟ ತೋರಿಸಿ ದೊಡ್ಡ ತೋಟದವರನ್ನ ಕಾಪಾಡೋದು ಬೇಡ. ಆ ನಷ್ಟವನ್ನ ನನ್ನ ಅಜ್ಜನ ಹೆಬ್ಬೆಟ್ಟಿನ ಮೇಲೆ ಹಾಕೋದೂ ಬೇಡ.

ತಮ್ಮಾ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆಯಲ್ಲ, ಜನ ನಗಲಿ ಬಿಡು. ಮೊದಲು ಮನೆಯ ಟ್ರಂಕು ತೆಗೆದು ಸಾಗುವಳಿ ಚೀಟಿ ಹುಡುಕು. ಸಿಗಲಿಲ್ಲವಾ, ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಆದೇಶ, ಹಳೇ ಪಹಣಿ, ಮ್ಯುಟೇಶನ್ ನಕಲಿಗೆ ಅರ್ಜಿ ಹಾಕು, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳು. ಅರ್ಜಿಯಲ್ಲಿ ತಡವಾದದ್ದು ಯಾಕೆ ಅಂತ ವಿವರವಾಗಿ ಬರಿ: ಜೀತ, ಸಾಲ, ಅನಕ್ಷರತೆ, ಭಯ, ಎಲ್ಲ ಬರಿ. ಅದು ನೆಪ ಅಲ್ಲ, ನಮ್ಮ ಇತಿಹಾಸ. ಕಚೇರಿಗೆ ಒಬ್ಬನೇ ಹೋಗಬೇಡ, ನಾನೂ ಬರ್ತೀನಿ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ನಮ್ಮ ಕೇರಿಗಳಿಗೆ ಇದನ್ನ ತಲುಪಿಸಿ. ಓದಕ್ಕೆ ಬರದ ಹಿರಿಯರಿಗೆ ಓದಿ ಹೇಳಿ. ಅಜ್ಜನ ಕಾಲದಲ್ಲಿ ಓದಿ ಹೇಳೋರು ಇರಲಿಲ್ಲ. ಈಗ ಇದ್ದೀವಿ.

ಜೈ ಭೀಮ್.